ಮಧ್ಯಾಹ್ನದ ಮಾತ್ರೆ

ನಾನು ಈ ಮನೆಯ ಅತ್ತೆ. ಅತ್ತೆ ಎಂದ ಕೂಡಲೇ ತಪ್ಪೆಲ್ಲ ಇವಳದೇ ಇರಬೇಕು ಎಂದು ನೀವು ಮನಸ್ಸಿನಲ್ಲೇ ತೀರ್ಪು ಕೊಟ್ಟಿದ್ದರೆ ಕೊಟ್ಟುಕೊಳ್ಳಿ, ನಾನೇನೂ ಜಗಳಕ್ಕೆ ಬರುವುದಿಲ್ಲ. ಈ ಒಂದು ಸಲದ ಮಟ್ಟಿಗೆ ಆ ತೀರ್ಪು ಸರಿ. ಆದರೆ ಅದು ಹೇಗಾಯಿತು ಅನ್ನುವುದನ್ನು ನನ್ನ ಬಾಯಿಂದಲೇ ಕೇಳಿ. ಬೇರೆಯವರು ಹೇಳಿದರೆ ಉಪ್ಪು ಖಾರ ಹಚ್ಚುತ್ತಾರೆ.

ನನ್ನ ಹೆಸರು ಜೋಗಮ್ಮ. ಊಟಿಯ ಹತ್ತಿರ ಕೆತ್ತಿ ಕಣಿವೆಯ ಮೇಲಿನ ಹಟ್ಟಿಯೊಂದರಲ್ಲಿ ನಮ್ಮ ಮನೆ. ಹಿಂದೆ ಒಂದೂವರೆ ಎಕರೆ ಟೀ, ಕೆಳಗೆ ಹಳ್ಳದ ಪಕ್ಕ ಮುಕ್ಕಾಲು ಎಕರೆ ತರಕಾರಿ. ನನ್ನ ಗಂಡ ಮೋಹನ ತೋಟ ನೋಡಿಕೊಳ್ಳುತ್ತಾರೆ, ಮಾತು ಕಡಿಮೆ. ಮಗ ಜಯಕುಮಾರ್ ಪಿಕಪ್‌ನಲ್ಲಿ ಹಟ್ಟಿಯವರ ಕ್ಯಾರೆಟ್ಟು, ಬೀಟ್‌ರೂಟು ತುಂಬಿಕೊಂಡು ಮೆಟ್ಟುಪಾಳಯಂ ಮಂಡಿಗೆ ಹೋಗುತ್ತಾನೆ. ಅವನ ಹೆಂಡತಿ ಕೀರ್ತನಾ ಕೋತಗಿರಿ ಕಡೆಯ ಹುಡುಗಿ. ತಾಯಿಯಿಲ್ಲದವಳು, ಅಪ್ಪ ಜಡಯ ಒಬ್ಬನೇ ಸಾಕಿದ್ದು. ನಾನು ಗದರಿದರೆ ಎದುರಾಡುವುದಿಲ್ಲ, ನಕ್ಕು ಸುಮ್ಮನಾಗುತ್ತಾಳೆ. ಅದೇ ಮುಂದೆ ತೊಂದರೆಯಾಯಿತು.

ಅವಳಿಗೆ ಏಳು ತಿಂಗಳಾಗುತ್ತಿತ್ತು. ಏಳು ಎಂದರೆ ನಮ್ಮಲ್ಲಿ ಕಣ್ಣಿ ಹಾಕುವ ತಿಂಗಳು. ಕಣ್ಣಿ ಎಂದರೆ ಒಂದು ದಾರ, ಅಷ್ಟೇ. ಎರಡೂ ಕಡೆಯ ನೆಂಟರನ್ನು ಕೂರಿಸಿಕೊಂಡು ಗಂಡ ತನ್ನ ಮಾವನನ್ನು ಕೇಳಬೇಕು: ‘ಮಾಮ, ನಿಮ್ಮ ಮಗಳ ಕೊರಳಿಗೆ ಕಣ್ಣಿ ಹಾಕಲಾ?’ ಮಾವ ‘ಹಾಕು’ ಎನ್ನಬೇಕು. ಆಮೇಲೇ ಮದುವೆ ಗಟ್ಟಿಯಾದಂತೆ. ಈಗ ಎಷ್ಟೋ ಮನೆಗಳಲ್ಲಿ ಅದನ್ನು ಮದುವೆಯ ದಿನವೇ ಮುಗಿಸಿಬಿಡುತ್ತಾರೆ. ನಮ್ಮ ಮನೆಯಲ್ಲಿ ಬಿಟ್ಟಿಲ್ಲ. ನನ್ನ ಅತ್ತೆ ಬಿಡಲಿಲ್ಲ, ನಾನೂ ಬಿಡುವವಳಲ್ಲ. ಬುಧವಾರವೊಂದನ್ನು ಗೊತ್ತುಮಾಡಿ ಏಳು ಹಟ್ಟಿಗೆ ಹೇಳಿ ಕಳಿಸಿದ್ದೆವು.

ಆ ಬುಧವಾರಕ್ಕೆ ಇನ್ನೂ ಮೂರು ವಾರ ಇರುವಾಗ ನರ್ಸ್ ಕವಿತಾ ಮನೆಗೆ ಬಂದಳು. ಪಕ್ಕದ ಹಟ್ಟಿಯವಳೇ, ತಿಂಗಳಿಗೊಮ್ಮೆ ಬಸುರಿಯರನ್ನು ನೋಡಿ ಹೋಗುವವಳು. ಕೀರ್ತನಾಳ ತೋಳಿಗೆ ಪಟ್ಟಿ ಸುತ್ತಿ ಗಾಳಿ ಹೊಡೆದಳು. ಬಿಚ್ಚಿ ಮತ್ತೊಮ್ಮೆ ಸುತ್ತಿದಳು.

“ಅಕ್ಕ, ಬಿಪಿ ನೂರೈವತ್ತಕ್ಕೆ ನೂರು ಇದೆ. ಪಾದ ಯಾವಾಗಿಂದ ಊದಿದೆ?”

“ಬಸುರಿ ಪಾದ ಊದದೆ ಇನ್ನಾರ ಪಾದ ಊದ್ತದೆ?” ಎಂದೆ.

ಅವಳು ನನ್ನ ಮಾತಿಗೆ ಕಿವಿಗೊಡಲಿಲ್ಲ. ಮೂತ್ರ ತರಿಸಿ ಅದರಲ್ಲಿ ಕಡ್ಡಿಯೊಂದನ್ನು ಅದ್ದಿ ನೋಡಿದಳು. “ಪ್ರೋಟೀನ್ ಹೋಗ್ತಾ ಇದೆ. ಇವತ್ತೇ ಊಟಿಗೆ ಕರ್ಕೊಂಡು ಹೋಗಿ. ನಾಳೆ ಬೇಡ, ಇವತ್ತೇ” ಎಂದಳು.

ಹೋದೆವು. ನಾಲ್ಕು ದಿನ ಇಟ್ಟುಕೊಂಡರು. ಬಿಡುವ ದಿನ ಡಾಕ್ಟರ್ ಸಿಂಧುಜಾ ನಮ್ಮನ್ನು ಕೂರಿಸಿಕೊಂಡು ತಮಿಳಿನಲ್ಲಿ ಬಿಡಿಸಿ ಹೇಳಿದರು. ಚಿಕ್ಕ ವಯಸ್ಸಿನವರು, ಆದರೆ ಹೇಳುವ ಬಗೆ ಚೆನ್ನಾಗಿತ್ತು.

“ಅಮ್ಮಾ, ನಿಮ್ಮ ತೋಟಕ್ಕೆ ನೀರು ಹೇಗೆ?”

“ಹಳ್ಳದಿಂದ ಮೋಟಾರು ಹಾಕಿ ಪೈಪಿನಲ್ಲಿ ಎಳೀತೀವಿ.”

“ಪೈಪಿನ ಮೇಲೆ ಯಾರಾದರೂ ಕಾಲಿಟ್ಟು ನಿಂತರೆ?”

“ಮೋಟಾರು ಒದ್ದಾಡ್ತದೆ. ಗಿಡಕ್ಕೆ ನೀರು ಹೋಗಲ್ಲ.”

“ಇಲ್ಲೂ ಅದೇ ಆಗಿದೆ. ರಕ್ತನಾಳದ ಒಳಗೋಡೆ ತಾನೇ ಒಂದು ಅನಿಲ ತಯಾರಿಸ್ತದೆ, ನೈಟ್ರಿಕ್ ಆಕ್ಸೈಡ್ ಅಂತ. ‘ಸಡಿಲಾಗು, ರಕ್ತ ಹೋಗಲಿ’ ಅಂತ ನಾಳಕ್ಕೆ ಹೇಳೋದು ಅದು. ಈ ಕಾಯಿಲೆಯಲ್ಲಿ ಅದು ಸಾಲೋದಿಲ್ಲ. ನಾಳ ಬಿಗಿಯಾಗ್ತದೆ. ತಾಯಿಗೆ ಒತ್ತಡ ಏರ್ತದೆ, ಮಾಸಿನ ಮೂಲಕ ಮಗುವಿಗೆ ಹೋಗೋ ರಕ್ತ ಕಡಿಮೆಯಾಗ್ತದೆ. ಸ್ಕ್ಯಾನಿನಲ್ಲಿ ಈಗಲೇ ಸ್ವಲ್ಪ ಕಡಿಮೆ ಕಾಣ್ತಿದೆ.”

“ಏನು ತಿಂದ್ರೆ ಆ ಗ್ಯಾಸ್ ಬರ್ತದೆ ಡಾಕ್ಟರಮ್ಮಾ?” ನಾನು ಕೇಳಿದೆ. ತಿನ್ನಿಸುವುದು ನನ್ನ ಇಲಾಖೆ.

ಅವರು ನಕ್ಕರು. “ಬೀಟ್‌ರೂಟ್, ಸೊಪ್ಪು, ಇವುಗಳಿಂದ ದೇಹ ಅದನ್ನು ಸ್ವಲ್ಪ ಮಾಡಿಕೊಳ್ತದೆ. ಬಸುರಿಯರಿಗೆ ಅದರಿಂದ ಎಷ್ಟು ಉಪಯೋಗ ಅಂತ ಇನ್ನೂ ಪರೀಕ್ಷೆ ನಡೀತಾ ಇದೆ. ಊಟದ ಜೊತೆ ತಿನ್ನಲಿ, ಬೇಡ ಅನ್ನಲ್ಲ. ಆದರೆ ಮಾತ್ರೆಯ ಬದಲಿಗೆ ಅಲ್ಲ. ಮಾತ್ರೆ ಮೂರು ಹೊತ್ತೂ ತಪ್ಪಬಾರದು. ವಾರಕ್ಕೊಮ್ಮೆ ಇಲ್ಲಿಗೆ ಬರಬೇಕು. ತಲೆನೋವು ಬಂದರೆ, ಕಣ್ಣು ಮಂಜಾದರೆ, ಮೂತ್ರ ಕಡಿಮೆಯಾದರೆ ತಕ್ಷಣ ಬನ್ನಿ.”

ಇಷ್ಟು ಮಾತಿನಲ್ಲಿ ನನ್ನ ಕಿವಿಗೆ ಬಿದ್ದದ್ದು ಬೀಟ್‌ರೂಟ್ ಒಂದೇ. ಮೂವತ್ತು ವರ್ಷದಿಂದ ಬೀಟ್‌ರೂಟ್ ಬೆಳೆದಿದ್ದೇನೆ. ಅಗೆದು, ಹಳ್ಳದ ತಣ್ಣೀರಿನಲ್ಲಿ ತೊಳೆದು, ಮೂಟೆ ಕಟ್ಟಿ ಕಳಿಸಿದ್ದೇನೆ. ಔಷಧಿಯನ್ನು ಮೂಟೆಗಟ್ಟಲೆ ಊರಿಗೆಲ್ಲ ಹಂಚಿ ನಾನು ಊಟಿಗೆ ಬಂದು ಬೆಂಚಿನ ಮೇಲೆ ಕೂತಿದ್ದೇನಲ್ಲ ಅನ್ನಿಸಿತು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದೇ ಮಾತು ಆಡಿದೆ. ಕೀರ್ತನಾ ಕಿಟಕಿಗೆ ತಲೆ ಆನಿಸಿಕೊಂಡು ಹೂಂಗುಟ್ಟುತ್ತಿದ್ದಳು.

ಮಾರನೆಯ ದಿನದಿಂದ ಶುರು. ಬೆಳಿಗ್ಗೆ ಎದ್ದ ಕೂಡಲೇ ಎರಡು ಗಡ್ಡೆ ತುರಿದು, ಬಟ್ಟೆಯಲ್ಲಿ ಹಿಂಡಿ, ಒಂದು ಲೋಟ. ಮಧ್ಯಾಹ್ನ ಅವರೆಕಾಳಿನ ಉದಕ, ಅಂದರೆ ನಮ್ಮ ಸಾರು, ಅದರ ಜೊತೆ ಬೀಟ್‌ರೂಟ್ ಪಲ್ಯ. ಸಂಜೆ ಮತ್ತೊಂದು ಲೋಟ. ಮನೆಯವರೂ ತಪ್ಪಿಸಿಕೊಳ್ಳಲಿಲ್ಲ.

“ಜೋಗಿ, ನಾನೇನು ಬಸುರಿಯಾ?” ಎಂದರು ಮೋಹನ, ತಟ್ಟೆಯಲ್ಲಿನ ಕೆಂಪು ಪಲ್ಯ ನೋಡಿ.

“ತಿನ್ರಿ, ನಿಮ್ಮ ನಾಳಗಳೂ ಬಿಗಿದಿವೆ. ಅದಕ್ಕೇ ಬಾಯಿಂದ ಮಾತು ಬರಲ್ಲ” ಎಂದೆ. ಕೀರ್ತನಾ ಕೆಮ್ಮು ಬರುವಷ್ಟು ನಕ್ಕಳು.

ಮಾತ್ರೆಯನ್ನೂ ಕೊಡುತ್ತಿದ್ದೆ, ಕೊಡಲಿಲ್ಲ ಎನ್ನುವುದಿಲ್ಲ. ಆದರೆ ಮಧ್ಯಾಹ್ನದ ಮಾತ್ರೆ ನುಂಗಿ ಅರ್ಧ ಗಂಟೆಯಾಗುವಷ್ಟರಲ್ಲಿ ಅವಳಿಗೆ ತಲೆ ಸುತ್ತುತ್ತಿತ್ತು. ಒಂದು ದಿನ ಅಂಗಳದಲ್ಲಿ ಬಟ್ಟೆ ಹರವುತ್ತಿದ್ದವಳು ಹಾಗೇ ಕುಕ್ಕರಿಸಿದಳು. ಮಾತ್ರೆ ಜಾಸ್ತಿಯಾಯಿತು, ರಸವೂ ಒತ್ತಡ ಇಳಿಸುತ್ತದೆ, ಮಾತ್ರೆಯೂ ಇಳಿಸುತ್ತದೆ, ಎರಡೂ ಸೇರಿ ಹುಡುಗಿಯನ್ನು ಕೆಡವುತ್ತಿವೆ ಎಂದು ನಾನೇ ಲೆಕ್ಕ ಹಾಕಿಕೊಂಡೆ. ನನ್ನ ಓದು ಐದನೇ ಕ್ಲಾಸು.

“ಮಧ್ಯಾಹ್ನದ್ದು ಬಿಡು ಹೆಣ್ಣೆ” ಎಂದೆ. “ಅದರ ಬದಲು ಇನ್ನೊಂದು ಲೋಟ ರಸ ಕುಡಿ.”

“ಡಾಕ್ಟರು ಮೂರು ಹೊತ್ತು ಅಂದಿದ್ರು ಮಾಮಿ. ಒಂದು ಫೋನ್ ಮಾಡಿ ಕೇಳಲಾ?”

“ಅವರಿಗೆ ನೂರು ಜನ. ನಿನ್ನ ತಲೆಸುತ್ತು ಅವರಿಗೆ ಕಾಣ್ತದಾ? ನನಗೆ ಕಾಣ್ತದೆ.”

ಅವಳು ಎದುರಾಡಲಿಲ್ಲ. ತಲೆಸುತ್ತು ನಿಂತಿತು. ನೋಡಿದೆಯಾ ಎಂದು ನಾನು ಬೀಗಿದೆ. ಅಯ್ಯೋ, ಆ ಬೀಗುವಿಕೆಗೆ ಏನು ಹೇಳಲಿ! ಗಂಡನಿಗಾಗಲಿ ಮಗನಿಗಾಗಲಿ ಈ ಮಾತು ತಿಳಿಸಲಿಲ್ಲ. ಅಡುಗೆಮನೆಯ ವಿಷಯ ಗಂಡಸರಿಗೇಕೆ?

ಮೊದಲ ವಾರ ಊಟಿಗೆ ಹೋಗಿಬಂದೆವು. ಎರಡನೆಯ ವಾರ ನಾನೇ ಬೇಡವೆಂದೆ. ಮನೆಗೆ ಸುಣ್ಣ ಹೊಡೆಸಬೇಕಿತ್ತು, ಕಣ್ಣಿಯ ಊಟಕ್ಕೆ ಅಕ್ಕಿ ಬೆಲ್ಲ ತರಿಸಬೇಕಿತ್ತು, ನೆಂಟರಿಗೆ ಎಣ್ಣೆಯಲ್ಲಿ ಕರಿಯುವ ಪೊತ್ತಿಟ್ಟು ಮಾಡಲು ಗೋಧಿ ಹಿಟ್ಟು ಬೀಸಿಸಬೇಕಿತ್ತು.

ಒಂದು ಬೆಳಿಗ್ಗೆ ಕೀರ್ತನಾ ಬಚ್ಚಲಿನಿಂದ ಬಂದು ನಿಂತಳು. “ಮಾಮಿ, ಮೂತ್ರ ಕೆಂಪಗೆ ಹೋಗ್ತದೆ. ಒಂಥರಾ ಗಾಢವಾಗಿ. ನಿನ್ನೆಯಿಂದ ಕಡಿಮೆಯೂ ಆಗಿದೆ.”

ನಾನು ನಕ್ಕುಬಿಟ್ಟೆ. “ದಿನಾ ಮೂರು ಲೋಟ ಬೀಟ್‌ರೂಟ್ ಕುಡಿದು ಬೆಳ್ಳಗೆ ಹೋಗ್ತದಾ? ನಿನ್ನ ಮಾಮನಿಗೂ ಹಾಗೇ ಹೋಗ್ತಿದೆ, ಕೇಳು ಬೇಕಾದ್ರೆ.”

ಅದು ಸುಳ್ಳಲ್ಲ. ಬೀಟ್‌ರೂಟ್ ತಿಂದವರಿಗೆ ಹಾಗಾಗುವುದುಂಟು, ಬೆಳೆಯುವ ನಮಗೆ ಗೊತ್ತಿರುವ ಸಂಗತಿಯೇ. ಗೊತ್ತಿದ್ದದ್ದೇ ಕಣ್ಣಿಗೆ ಮಣ್ಣು ಹಾಕಿತು. ಕೆಂಪು ಎಂಬ ಮಾತು ಕೇಳಿಸಿತು, ಕಡಿಮೆ ಎಂಬ ಮಾತು ಕೇಳಿಸಲಿಲ್ಲ.

ಬುಧವಾರಕ್ಕೆ ಮೂರು ದಿನವಿತ್ತು. ಭಾನುವಾರವೆಂದೂ ನೋಡದೆ ಕವಿತಾ ಬಂದಳು. ಪಟ್ಟಿ ಸುತ್ತಿ ನೋಡಿದವಳ ಮುಖ ಗಂಟಾಯಿತು. “ನೂರೈವತ್ತರ ಮೇಲೇ ಇದೆ. ಮಾತ್ರೆ ಮೂರು ಹೊತ್ತೂ ಕೊಡ್ತಿದ್ದೀರಾ ಅಕ್ಕ?”

ಕೀರ್ತನಾ ನನ್ನ ಮುಖ ನೋಡಿದಳು. ನಾನು ಕವಿತಾಳ ಮುಖ ನೋಡಿ “ಹೂಂ” ಎಂದೆ.

ಯಾಕೆಂದೆ? ಇಲ್ಲವೆಂದರೆ ಅವಳು ಅಲ್ಲಿಂದಲೇ ಊಟಿಗೆ ಸಾಗಿಸುತ್ತಾಳೆ. ಒಳಗೆ ಹಾಕಿಕೊಂಡರೆ ಬುಧವಾರ ತಪ್ಪುತ್ತದೆ. ಏಳು ಹಟ್ಟಿಯವರು ಬಂದು ಖಾಲಿ ಮಣೆ ನೋಡಬೇಕು. ಇನ್ನೂ ಒಂದು ಕಾರಣವಿತ್ತು, ಅದನ್ನೂ ಹೇಳಿಬಿಡುತ್ತೇನೆ. ನಿನ್ನೆ ಮೊನ್ನೆಯ ನರ್ಸ್ ಹುಡುಗಿಯ ಎದುರು ನಾನು ತಪ್ಪು ಮಾಡಿದೆ ಎನ್ನಲು ನಾಲಿಗೆ ಏಳಲಿಲ್ಲ.

“ಮೂರು ಹೊತ್ತು ಕೊಟ್ಟೂ ಇಷ್ಟಿದ್ರೆ ನಾಳೇನೇ ಊಟಿಗೆ ಹೋಗ್ಬೇಕು” ಎಂದು ಅವಳು ಕಾರ್ಡಿನಲ್ಲಿ ಬರೆದು ಹೋದಳು. ಹೋಗುತ್ತ ಜಯಕುಮಾರನಿಗೂ ಫೋನು ಮಾಡಿದ್ದಳು. ಊಟಕ್ಕೆ ಕೂತಾಗ ಅವನು ಆ ಮಾತು ತೆಗೆದೇ ತೆಗೆದ.

“ಅವ್ವೆ, ನಾಳೆ ಮಂಡಿಗೆ ಹೋಗಲ್ಲ. ಕೀರ್ತನಾನ್ನ ಊಟಿಗೆ ಕರ್ಕೊಂಡು ಹೋಗ್ತೀನಿ.”

“ಗುರುವಾರ ಹೋಗು. ಬುಧವಾರ ಕಣ್ಣಿ ಹಾಕು, ಗುರುವಾರ ಬೆಳಿಗ್ಗೆ ನಾನೇ ಗಾಡಿ ಹತ್ತಿಸ್ತೀನಿ.”

“ಕಣ್ಣಿ ಹತ್ತು ದಿನ ತಡ ಆದ್ರೆ ಏನಾಗ್ತದೆ?”

“ಎಂಟಕ್ಕೆ ಬೀಳ್ತದೆ! ಎಂಟರಲ್ಲಿ ಈ ಮನೆಯಲ್ಲಿ ಯಾರೂ ಕಣ್ಣಿ ಹಾಕಿಲ್ಲ. ಮಾತ್ರೆ ನಡೀತಿದೆ, ರಸ ನಡೀತಿದೆ, ಹುಡುಗಿ ಮೈಕೈ ತುಂಬ್ಕೊಂಡು ಬೆಣ್ಣೆ ಹಂಗೆ ಆಗಿದ್ದಾಳೆ. ಮೂರು ದಿನಕ್ಕೆ ಏನಯ್ಯ ನಿನ್ನ ಗೋಳು?”

ಮೋಹನ ತಟ್ಟೆಯಿಂದ ತಲೆಯೆತ್ತಿದರು. “ಜೋಗಿ, ಡಾಕ್ಟರು ಹೇಳಿದ್ದೆಲ್ಲ ಮಾಡ್ತಿದ್ದೀಯಾ, ಇಲ್ಲ ನಿನಗೆ ಬೇಕಾದ್ದನ್ನ ಮಾತ್ರ ಮಾಡ್ತಿದ್ದೀಯಾ?”

“ಅನ್ನ ಉಣ್ಣಿ ಸುಮ್ನೆ” ಎಂದೆ.

ಜಯಕುಮಾರ್ ಹೆಂಡತಿಯ ಕಡೆ ತಿರುಗಿದ. “ನೀನೇ ಹೇಳು. ಹೇಗಿದೆ ಮೈ?”

ಅವಳು ಅನ್ನ ಕಲಸುತ್ತಲೇ ಇದ್ದಳು, ಬಾಯಿಗಿಡುತ್ತಿರಲಿಲ್ಲ. “ಮೂರು ದಿನ ತಾನೆ” ಎಂದಳು. ನನ್ನ ಮರ್ಯಾದೆ ಕಾಯ್ದಳು. ಮಗನೂ ಸುಮ್ಮನಾದ. ಮೂರು ಹೊತ್ತೂ ಮಾತ್ರೆ ಹೋಗುತ್ತಿದೆ ಎಂದು ಅವನು ನಂಬಿದ್ದ.

ಬುಧವಾರ ಬಂತು. ಬಿಸಿಲು ಚೆನ್ನಾಗಿತ್ತು. ಅಂಗಳದ ತುಂಬ ಬಿಳಿ ಮುಂಡು, ಬಿಳಿ ಶಾಲು. ಜಡಯ ತನ್ನ ಹಟ್ಟಿಯ ಹತ್ತು ಜನರೊಂದಿಗೆ ಬಂದ. ಟೀ ಎಲೆ ಸಾಗಿಸುವ ಲೀಫ್ ಲಾರಿ ಓಡಿಸಿ ಓಡಿಸಿ ಬೆನ್ನು ಬಾಗಿದ ಮನುಷ್ಯ, ನನ್ನ ಹಾಗೆ ಬಾಯಿ ಜೋರಿಲ್ಲ. ಮಗಳು ಎದುರಿಗೆ ಬಂದು ತಲೆ ಬಾಗಿಸಿದಳು. ನಮ್ಮ ಪದ್ಧತಿಯಂತೆ ಅವನು ತಲೆಯ ಮೇಲೆ ಕೈಯಿಟ್ಟು “ಬದುಕು, ಬದುಕು” ಎಂದ. ಆಮೇಲೆ ಅವಳ ಕೈ ಹಿಡಿದು ಮಣಿಕಟ್ಟನ್ನು ಬೆರಳಿನಿಂದ ಒತ್ತಿ ನೋಡಿದ. ಏನೋ ಕೇಳಿದ, ಅವಳು ಏನೋ ಹೇಳಿದಳು. ನಾನು ಒಲೆಯ ಹತ್ತಿರ ಪೊತ್ತಿಟ್ಟು ಎಣ್ಣೆಗೆ ಬಿಡುವವರಿಗೆ ಉರಿ ಸಣ್ಣ ಮಾಡಿ ಎಂದು ಕೂಗುತ್ತಿದ್ದೆ.

ಇಬ್ಬರನ್ನೂ ಮಣೆಯ ಮೇಲೆ ಕೂರಿಸಿದೆವು. ಜಯಕುಮಾರ್ ದಾರ ಹಿಡಿದುಕೊಂಡು ಎದ್ದು ನಿಂತ.

“ಮಾಮ, ನಿಮ್ಮ ಮಗಳ ಕೊರಳಿಗೆ ಕಣ್ಣಿ ಹಾಕಲಾ?”

ಜಡಯ ತಲೆ ತಗ್ಗಿಸಿ ಕೂತಿದ್ದ. ಕಿವಿಗೆ ಬಿದ್ದಿಲ್ಲವೇನೋ ಎಂದು ಮಗ ಮತ್ತೊಮ್ಮೆ ಕೇಳಿದ. ಹಿಂದೆ ಯಾರೋ ನಕ್ಕರು. ಮೂರನೆಯ ಸಲ ಕೇಳಿದಾಗ ಜಡಯ ತಲೆಯೆತ್ತಿ “ಬೇಡ” ಎಂದ.

ನನ್ನ ಆಯುಸ್ಸಿನಲ್ಲಿ ಆ ಪ್ರಶ್ನೆಗೆ ಬೇಡ ಎಂದವರನ್ನು ನಾನು ನೋಡಿಲ್ಲ, ಕೇಳಿಯೂ ಇಲ್ಲ. ನಮ್ಮ ಕಡೆಯ ಹಿರಿಯರೊಬ್ಬರು ಎದ್ದರು. “ಇದೇನು ಜಡಯಾ? ಸುಮ್ನೆ ಹಾಕು ಅಂತ ಹೇಳೋ ಮಾತು ಇದು.”

“ಸುಮ್ನೆ ಹೇಳೋ ಮಾತಾಗಿದ್ರೆ ನನ್ನನ್ನ ಯಾಕೆ ಕೇಳ್ತೀರಿ?” ಜಡಯ ದನಿ ಏರಿಸಲಿಲ್ಲ. “ನನ್ನ ಹೆಂಡತಿ ಎರಡನೇ ಬಸುರಿನಲ್ಲಿ ಸತ್ತಳು, ನಿಮಗೆಲ್ಲ ಗೊತ್ತು. ಫಿಟ್ಸ್ ಬಂದು ಹೋದಳು. ಅದಕ್ಕೆ ಮುಂಚೆ ಅವಳ ಕೈಯೂ ಹೀಗೇ ಊದಿತ್ತು. ಮೈ ತುಂಬ್ಕೊಂಡಿದ್ದಾಳೆ ಅಂತ ನಾನೂ ಖುಷಿಪಟ್ಟಿದ್ದೆ. ಈಗ ನನ್ನ ಮಗಳು ಕಣ್ಣ ಮುಂದೆ ಮಿಂಚು ಹುಳ ಓಡ್ತವೆ ಅಂತಾಳೆ, ನಿನ್ನೆಯಿಂದ ತಲೆ ಸಿಡೀತಿದೆ ಅಂತಾಳೆ. ಮಾತ್ರೆ ತಿಂತಿದ್ದೀಯಾ ಅಂದ್ರೆ ನೆಲ ನೋಡ್ತಾಳೆ. ಯಾರಾದ್ರೂ ನನಗೆ ನಿಜ ಹೇಳಿ. ಆಮೇಲೆ ಹಾಕು ಅಂತೀನಿ.”

ಎಲ್ಲರೂ ಕೀರ್ತನಾಳನ್ನು ನೋಡಿದರು. ಅವಳ ತುಟಿ ಅಲುಗಿತು. ಈಗಲೂ ನನ್ನನ್ನು ಕಾಯಲು ಏನಾದರೂ ಹೇಳಿಬಿಡುತ್ತಾಳೆ ಎಂದು ನನಗೆ ಅನ್ನಿಸಿತು. ಹೆದರಿಕೆಯಾಯಿತು. ಆ ಹೆದರಿಕೆ ಅವಳ ಜೀವದ್ದು, ನನ್ನ ಮಾನದ್ದಲ್ಲ.

“ನಾನು ನಿಲ್ಲಿಸಿದ್ದು” ಎಂದೆ. “ಮಧ್ಯಾಹ್ನದ್ದು. ಹತ್ತು ಹನ್ನೆರಡು ದಿನ ಆಯ್ತು. ಕವಿತಾ ಹತ್ರ ಸುಳ್ಳು ಹೇಳ್ದೆ. ಮೂತ್ರ ಕಡಿಮೆಯಾಗಿದೆ ಅಂತ ಇವಳು ಹೇಳಿದ್ಲು, ಬೀಟ್‌ರೂಟ್ ಬಣ್ಣ ಅಂದುಬಿಟ್ಟೆ.”

ಜಯಕುಮಾರ್ ನನ್ನನ್ನು ಒಂದು ಸಲ ನೋಡಿದ. ಬೈದಿದ್ದರೆ ಚೆನ್ನಾಗಿತ್ತು. ದಾರವನ್ನು ಜೇಬಿಗೆ ತುರುಕಿಕೊಂಡು ಪಿಕಪ್ಪಿನ ಕೀಲಿ ತರಲು ಒಳಗೆ ಹೋದ. ಮೋಹನ ಕಂಬಳಿ ತಂದರು. ಜಡಯ ಮಗಳನ್ನು ತೋಳು ಹಿಡಿದು ನಡೆಸಿದ. ಬರಲೇ ಎಂದು ನಾನು ಯಾರನ್ನೂ ಕೇಳಲಿಲ್ಲ, ಹಿಂದೆ ಕ್ಯಾರೆಟ್ ಮೂಟೆಗಳ ಜಾಗದಲ್ಲಿ ಹತ್ತಿ ಕೂತೆ. ನೆಂಟರು ಉಂಡರೋ ಬಿಟ್ಟರೋ ನನಗೆ ಇಂದಿಗೂ ಗೊತ್ತಿಲ್ಲ.

ಊಟಿ ತಲುಪುವ ಹೊತ್ತಿಗೆ ಒತ್ತಡ ನೂರ ಎಂಬತ್ತು. ಫಿಟ್ಸ್ ಬಾರದಿರಲೆಂದು ಒಂದು ಇಂಜೆಕ್ಷನ್, ಕೂಸಿನ ಶ್ವಾಸಕೋಶ ಬಲಿಯಲೆಂದು ಇನ್ನೊಂದು. ಡಾಕ್ಟರ್ ಸಿಂಧುಜಾ ಏನೇನು ಕೊಟ್ಟಿರಿ ಎಂದು ಕೇಳಿದರು. ಎಲ್ಲ ಹೇಳಿದೆ, ಲೋಟದ ಲೆಕ್ಕವನ್ನೂ ಹೇಳಿದೆ.

“ನಾನೇ ಇದನ್ನು ಇಷ್ಟು ದೂರ ತಂದೆನಾ ಡಾಕ್ಟರಮ್ಮಾ?” ಎಂದೆ.

ಅವರು ಹೇಳಿದರು: “ಮಾತ್ರೆ ಸರಿಯಾಗಿ ತಿಂದಿದ್ದರೂ ಈ ಕಾಯಿಲೆ ಏರಬಹುದಿತ್ತು. ಇದು ಹಾಗೇನೇ. ಆದರೆ ವಾರ ವಾರ ಬಂದಿದ್ದರೆ, ನಿಜ ಹೇಳಿದ್ದರೆ, ನಮಗೆ ಮೊದಲೇ ಗೊತ್ತಾಗ್ತಿತ್ತು. ಬೀಟ್‌ರೂಟಿನ ತಪ್ಪೇನೂ ಇಲ್ಲ ಅಮ್ಮಾ.” ಹಾಗಾದರೆ ತಪ್ಪು ಯಾರದೆಂದು ಅವರು ಬಾಯಿಬಿಟ್ಟು ಹೇಳಲಿಲ್ಲ. ದೊಡ್ಡ ಮನಸ್ಸಿನವರು.

ಎರಡು ದಿನ ತಡೆದರು. ಮೂರನೆಯ ದಿನದ ಸ್ಕ್ಯಾನಿನಲ್ಲಿ ಕೂಸಿಗೆ ಹೋಗುವ ರಕ್ತ ಇನ್ನೂ ಕುಗ್ಗಿತ್ತು. ರಕ್ತ ಹೆಪ್ಪುಗಟ್ಟಿಸುವ ಕಣಗಳೂ ಇಳಿದಿವೆ, ಬೆನ್ನಿಗೆ ಸೂಜಿ ಹಾಕುವಂತಿಲ್ಲ, ಪೂರ್ತಿ ಪ್ರಜ್ಞೆ ತಪ್ಪಿಸಿ ಆಪರೇಷನ್ ಮಾಡುತ್ತೇವೆ ಎಂದರು. ಜಯಕುಮಾರ್ ಸಹಿ ಹಾಕಿದ. ಕಣ್ಣಿಯನ್ನು ಆಮೇಲೆ, ಎಲ್ಲ ಮುಗಿದು ಮನೆಗೆ ಬಂದ ಮೇಲೆ, ನಾವು ಐದು ಜನರೇ ಸೇರಿ ಹಾಕಿದೆವು, ಅದು ಬೇರೆ ಮಾತು. ಆ ದಿನ ಅದರ ನೆನಪು ಯಾರಿಗಿತ್ತು?

ಹೆಣ್ಣು ಕೂಸು. ಒಂದೂಕಾಲು ಕಿಲೋ. ನಮ್ಮ ತೋಟದ ದೊಡ್ಡ ಬೀಟ್‌ರೂಟ್ ಎರಡು ಇಟ್ಟರೆ ಅದಕ್ಕಿಂತ ತೂಕ ಬರುತ್ತದೆ. ಗಾಜಿನ ಪೆಟ್ಟಿಗೆಯಲ್ಲಿ ಮೂಗಿಗೆ ನಳಿಗೆ ಹಾಕಿ ಮಲಗಿಸಿದ್ದರು. ಕಾಲು ಝಾಡಿಸುತ್ತಿತ್ತು. ಉಸಿರು ಚೆನ್ನಾಗಿ ಎಳೆಯುತ್ತಿದೆ, ಆದರೆ ತಿಂಗಳಿಗೂ ಮೇಲೆ ಇಲ್ಲೇ ಇರಬೇಕು ಎಂದರು ಅಲ್ಲಿನ ನರ್ಸು. ಜಯಕುಮಾರ್ ಆ ಬಾಗಿಲಿನಿಂದ ಅಲ್ಲಾಡಲಿಲ್ಲ. ಹೆಂಗಸರ ವಾರ್ಡಿನಲ್ಲಿ ಕೀರ್ತನಾಳ ಪಕ್ಕ ನಾನು ಕೂತೆ, ಅಲ್ಲಿಗೆ ಗಂಡಸರನ್ನು ಬಿಡುವುದಿಲ್ಲ.

ಸಂಜೆ ನಾಲ್ಕರ ಹೊತ್ತಿಗೆ ಅವಳು ಕಣ್ಣು ಬಿಟ್ಟಳು. ತುಟಿ ಒಣಗಿತ್ತು. ಕೈ ಹೊಟ್ಟೆಯ ಮೇಲೆ ಹೋಯಿತು.

“ಮಾಮಿ, ಕೂಸು?”

“ಅದೆ ಮಗಳೇ. ಹೆಣ್ಣು. ಚೆನ್ನಾಗಿದೆ. ಕಾಲು ಝಾಡಿಸ್ತದೆ.”

ಅವಳು ನನ್ನ ಮುಖವನ್ನೇ ನೋಡಿದಳು. ಸಿಟ್ಟಿರಲಿಲ್ಲ, ಹೆದರಿಕೆಯಿತ್ತು.

“ನಿಜ ಹೇಳ್ತಿದ್ದೀರಾ ಮಾಮಿ?”

“ನಿಜ ಕಣಮ್ಮ, ನನ್ನಾಣೆ...” ಎಂದೆ. ಅಷ್ಟಕ್ಕೇ ನಿಲ್ಲಿಸಿದೆ. ನನ್ನ ಆಣೆಗೆ ಈಗ ಏನು ಬೆಲೆ? ಕೂಸು ಹೋಗಿದ್ದರೂ ನಾನು ಇದೇ ಮುಖ ಹೊತ್ತು ಇದೇ ಮಾತು ಹೇಳುತ್ತಿದ್ದೆ ಎಂದು ಅವಳಿಗೆ ಗೊತ್ತು. ನನಗೂ ಗೊತ್ತು.

“ಅಪ್ಪನ್ನ ಕರೀರಿ” ಎಂದಳು.

ಎದ್ದು ಹೋದೆ. ಬಾಗಿಲಿನಲ್ಲಿದ್ದ ಕಾವಲಿನ ಹೆಂಗಸು ಗಂಡಸರನ್ನು ಬಿಡಲ್ಲ ಎಂದಳು. ಜನ್ಮದಲ್ಲಿ ಯಾರ ಮುಂದೆಯೂ ಕೈ ಜೋಡಿಸದವಳು ಅವಳ ಮುಂದೆ ಜೋಡಿಸಿದೆ. “ಎರಡೇ ನಿಮಿಷ ಬಿಡಮ್ಮಾ. ಸೊಸೆ ನನ್ನ ಮಾತು ನಂಬ್ತಿಲ್ಲ” ಎಂದೆ. ಅವಳು ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿ ಬಾಗಿಲು ಬಿಟ್ಟಳು. ಜಡಯ ಚಪ್ಪಲಿ ಬಿಟ್ಟು ಒಳಗೆ ಹೋದ.

ನಾನು ಹೊರಗೇ ನಿಂತು ಕೇಳಿಸಿಕೊಂಡೆ.

“ಕೂಸು ಅದೆ ಮಗಳೇ. ಹೆಣ್ಣು. ಚೆನ್ನಾಗಿದೆ. ನಾನೇ ನೋಡಿ ಬಂದೆ, ಕಾಲು ಝಾಡಿಸ್ತದೆ.”

ನಾನು ಹೇಳಿದ್ದೂ ಅದನ್ನೇ. ಆದರೆ ಅವನು ಹೇಳಿದ ಮೇಲೆ ಅವಳು ಅತ್ತಳು, ಗಟ್ಟಿಯಾಗಿ, ಎದೆ ಬಿಚ್ಚಿ, ಖುಷಿಗೆ ಅತ್ತಳು. ಒಳಗೆ ಹೋಗಿ ಕಣ್ಣೊರೆಸಬೇಕು ಅನ್ನಿಸಿತು. ಕಾವಲಿನವಳು ಕೈ ಅಡ್ಡ ಇಟ್ಟಳು, “ಒಬ್ಬರು ಬಂದ ಮೇಲೆ ಒಬ್ಬರು” ಎಂದಳು. ಸರಿ ಎಂದು ಅಲ್ಲೇ ಬೆಂಚಿನ ಮೇಲೆ ಕೂತೆ.